ಅಣೆಕಟ್ಟಿನ ಮಟ್ಟವೂ ಭದ್ರಾವತಿ ಬಾನುಲಿಯೂ
ಸಾಗರದ ಕಡೆಯ ನಮ್ಮ ಮನೆಯಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳೆಂದರೆ ರಾತ್ರಿಯವರೆಗೂ ಅಡಿಕೆ ಸುಲಿಯುವ ಕೆಲಸ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಚಪ್ಪರದ ಕಂಬಕ್ಕೆ ನೇತುಹಾಕಿದ ರೇಡಿಯೋ ಭದ್ರಾವತಿ ಆಕಾಶವಾಣಿಯನ್ನು ಹಿಡಿಯುತ್ತಿತ್ತು. ಭಾವಗೀತೆ ಬಂದಾಗ ಹರಟೆ ನಿಲ್ಲುತ್ತಿರಲಿಲ್ಲ. ಪ್ರದೇಶ ಸಮಾಚಾರ ಶುರುವಾದರೆ ಮಾತ್ರ ಕತ್ತಿಗೆ ಅಡಿಕೆ ತಾಗುವ ಸದ್ದಷ್ಟೇ ಉಳಿಯುತ್ತಿತ್ತು.

ಆ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು, ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗಿನ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಎಂಬುದು ಅಕ್ಷರ ಬಾರದ ಅವರಿಗೆ ಬಾಯಿಪಾಠವಾಗಿತ್ತು. ಬೇಸಿಗೆಯಲ್ಲಿ ನೀರಿನ ಮಟ್ಟ ತೀರಾ ಇಳಿದ ಸುದ್ದಿ ಕೇಳಿದರೆ, "ಹಂಗಾರೆ ಮಡೆನೂರು ಕಟ್ಟೆ ಕಾಣ್ತಿರಬೇಕು" ಎನ್ನುತ್ತಿದ್ದರು. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಲಾಗಿ, ಕೊನೆಗೆ ಅದರ ಹಿನ್ನೀರಿನಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಅದು. ವಾರ್ತೆ ಓದುವವರಿಗೆ ವಿದ್ಯುತ್ತಿನ ಲೆಕ್ಕವಾಗಿದ್ದ ಅಂಕಿ ಅಜ್ಜಿಗೆ ತವರಿನ ದಾರಿಯ ಗುರುತಾಗಿತ್ತು.

ಲಿಂಗನಮಕ್ಕಿ ಪೂರ್ಣಗೊಂಡದ್ದು 1964ರಲ್ಲಿ, ಭದ್ರಾವತಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಊರು ಕಳೆದುಕೊಂಡವರ ಕಿವಿಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹತ್ತಿರದ ಬಾನುಲಿಯೊಂದು ಸಿಕ್ಕಿತು. ಆದರೆ ಅವರ ಬದುಕನ್ನು ಅದು ಎರಡು ಪಾಲು ಮಾಡಿ ಬಿತ್ತರಿಸುತ್ತ ಬಂದಿದೆ ಎಂಬುದು ನನ್ನ ಅನಿಸಿಕೆ. ರಾಜಕೀಯವೆಲ್ಲ ವಾರ್ತೆಯ ಪಾಲಿಗೆ, ಉಳಿದದ್ದೆಲ್ಲ ಕೃಷಿ, ಮಹಿಳೆ, ಜನಪದ ಕಾರ್ಯಕ್ರಮಗಳ ಪಾಲಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯಬೇಕೆಂದು ತಜ್ಞರು ಚೆನ್ನಾಗಿಯೇ ವಿವರಿಸುತ್ತಾರೆ. ಆ ದ್ರಾವಣಕ್ಕೆ ಬೇಕಾದ ಮೈಲುತುತ್ತಕ್ಕೆ ಸಹಾಯಧನ ಬರುವುದೇ, ತೋಟದ ಅಂಚಿನಲ್ಲಿ ಹಕ್ಕಿಲ್ಲದೆ ಸಾಗುವಳಿ ಮಾಡಿದ ಬಗರ್‌ಹುಕುಂ ಸರ್ಕಾರಿ ಜಮೀನಿಗೆ ಹಕ್ಕುಪತ್ರ ಸಿಗುವುದೇ ಎಂಬ ಪ್ರಶ್ನೆಗಳು ತಜ್ಞರ ವ್ಯಾಪ್ತಿಯಲ್ಲಿಲ್ಲ. ಅವು ವಿಧಾನಸೌಧದವು. ಮಲೆನಾಡಿನ ಮನೆಯಲ್ಲಿ ಮಾತ್ರ ಈ ಎರಡೂ ಒಂದೇ ಜಗಲಿಯ ಮೇಲೆ, ಒಂದೇ ಉಸಿರಿನಲ್ಲಿ ಚರ್ಚೆಯಾಗುತ್ತವೆ.

ಮಾತಿಗೆ ಬಡತನವಿರುವ ಜಿಲ್ಲೆಯೇನೂ ನಮ್ಮ ಶಿವಮೊಗ್ಗವಲ್ಲ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಇಲ್ಲಿ ನಡೆಯಿತು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಇಲ್ಲಿಯವರು. ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದರು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಪಟೇಲ್, ಯಡಿಯೂರಪ್ಪ ಎಂದು ಅವಿಭಜಿತ ಜಿಲ್ಲೆ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಇಷ್ಟಾದರೂ ಚುನಾವಣೆ ಬಂದಾಗ ಬಾನುಲಿಯಲ್ಲಿ ಕೇಳಿಸುವುದು ಪಕ್ಷಗಳಿಗೆ ಹಂಚಿಕೊಟ್ಟ ಕೆಲವು ನಿಮಿಷಗಳ ಭಾಷಣ. 1977ರಿಂದ ನಡೆದುಬಂದಿರುವ ಈ ವ್ಯವಸ್ಥೆಯಲ್ಲಿ ಭಾಷಣದ ಪ್ರತಿಯನ್ನು ಮೊದಲೇ ಒಪ್ಪಿಸಿ ಒಪ್ಪಿಗೆ ಪಡೆಯಬೇಕು. ವೇದಿಕೆಯ ಮೇಲೆ ಗುಡುಗುವವರು ಇಲ್ಲಿ ಲಗ್ನಪತ್ರಿಕೆ ಓದಿದಂತೆ ಓದುತ್ತಾರೆ ಎಂದು ಅಪ್ಪ ನಗುತ್ತಿದ್ದರು.

ಬಾನುಲಿಯ ಈ ಎಚ್ಚರಿಕೆಯನ್ನು ನಾನು ಪೂರ್ತಿ ಹಳಿಯಲಾರೆ. ದಿನವಿಡೀ ಕಿರುಚುವ ದೂರದರ್ಶನ ವಾಹಿನಿಗಳನ್ನು ನೋಡಿದ ಮೇಲೆ, ಸುದ್ದಿಯನ್ನು ಸುದ್ದಿಯಾಗಿ ಓದುವ ದನಿಯ ಬೆಲೆ ತಿಳಿಯುತ್ತದೆ. ಆಷಾಢದ ಗಾಳಿಮಳೆಗೆ ಕರೆಂಟು ಹೋಗಿ, ಮೊಬೈಲ್ ಟವರ್ ಸತ್ತು, ನಾಳೆ ಶಾಲೆ ಇದೆಯೋ ಇಲ್ಲವೋ ಎಂದು ಎರಡು ಸೆಲ್ಲಿನ ರೇಡಿಯೋಗೆ ಕಿವಿಯಿಟ್ಟು ಕುಳಿತ ರಾತ್ರಿಗಳು ನಮಗೆ ಬೇಕಾದಷ್ಟಿವೆ. ಆದರೆ ಸಂಯಮ ಬೇರೆ, ಮೌನ ಬೇರೆ. 2006ರ ನೀತಿಯಿಂದ, ಸ್ಥಳೀಯರೇ ನಡೆಸುವ ಸಮುದಾಯ ಬಾನುಲಿಗೆ ಸಂಘಸಂಸ್ಥೆಗಳೂ ಪರವಾನಗಿ ಪಡೆಯುವಂತಾಯಿತು. ಅಲ್ಲಿಯೂ ಸ್ವಂತ ಸುದ್ದಿಗೆ, ರಾಜಕೀಯ ಕಾರ್ಯಕ್ರಮಕ್ಕೆ ಅವಕಾಶವಿಲ್ಲ. ಗ್ರಾಮಸಭೆಯಲ್ಲಿ ಎದ್ದುನಿಂತು ಶಾಸಕರನ್ನು ಕೇಳಬಹುದಾದ ಪ್ರಶ್ನೆಯನ್ನು ಮೈಕಿನ ಮುಂದೆ ಕೇಳಬಾರದು ಎಂಬುದರ ತರ್ಕ ನನಗಂತೂ ಹೊಳೆಯುವುದಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಫೋನ್-ಇನ್ ಕಾರ್ಯಕ್ರಮದಲ್ಲಿ ತಿಂಗಳಿಗೊಮ್ಮೆ ತೋಟಗಾರಿಕೆ ಅಧಿಕಾರಿಯ ಪಕ್ಕದಲ್ಲಿ ಆ ಕ್ಷೇತ್ರದ ಶಾಸಕರೂ ಕೂರಲಿ, ಮುಂದಿನ ತಿಂಗಳು ಸೋತ ಅಭ್ಯರ್ಥಿಯೂ ಬರಲಿ. ಜಲಾಶಯದ ಮಟ್ಟ ಓದಿದ ಮೇಲೆ ಐದು ನಿಮಿಷ ಹಿನ್ನೀರಿನ ಊರಿನ ಒಬ್ಬರು ಮಾತನಾಡಲಿ. ನಮ್ಮ ಅಜ್ಜಿಯಂತಹವರು ಈಗ ಹೆಚ್ಚು ಉಳಿದಿಲ್ಲ. ಇರುವವರಿಗೆ ಎಂಬತ್ತು ದಾಟಿದೆ.