ಲಗ್ಗೆರೆ ತಾರಸಿಯ ದಂಟಿನ ಸೊಪ್ಪು

ಬೆಂಗಳೂರಿನ ಲಗ್ಗೆರೆ ಕಡೆ ಸ್ಲಂ ಬೋರ್ಡ್ ಕಟ್ಟಿದ ಮನೆಗಳ ಸಾಲಿನಲ್ಲಿ ಗಿಡ ನೆಡೋಣ ಅಂದರೆ ಗೇಣು ನೆಲವೂ ಸಿಗುವುದಿಲ್ಲ. ಬೈಕು, ನೀರಿನ ಡ್ರಮ್ಮು, ಒಣಹಾಕಿದ ಬಟ್ಟೆ, ಅಷ್ಟಕ್ಕೇ ಜಾಗ ಮುಗಿಯುತ್ತದೆ. ಉಳಿದದ್ದು ತಾರಸಿ. ಅಲ್ಲಿಗೆ ಮಣ್ಣು ಹೊತ್ತು ಹಾಕಿದರೆ, ನೀರು ಕುಡಿದ ಮೇಲೆ ಆ ಭಾರ ಹಳೆಯ ಕಟ್ಟಡಕ್ಕೆ ಒಳ್ಳೆಯದಲ್ಲ. ಹಾಗಾಗಿ ಅಲ್ಲಿನ ಪಿಯುಸಿ, ಐಟಿಐ ಓದುವ ಹುಡುಗ ಹುಡುಗಿಯರು ತೆಂಗಿನ ನಾರಿನ ಪುಡಿಯಲ್ಲಿ, ಅದೇ ಕೊಕೊಪೀಟ್‌ನಲ್ಲಿ, ಸೊಪ್ಪು ಬೆಳೆಯಲು ಹೊರಟರು. ಗೊಬ್ಬರದ ಲೆಕ್ಕ ಗೊತ್ತಿದ್ದ ನಾನೂ ಜೊತೆಗೆ ಸೇರಿಕೊಂಡೆ.

ಕೊಕೊಪೀಟ್ ಬಂದದ್ದು ತಿಪಟೂರು ಕಡೆಯಿಂದ, ಇಟ್ಟಿಗೆಯ ಹಾಗೆ ಒತ್ತಿದ 5 ಕೆಜಿ ಗಟ್ಟಿಗಳಾಗಿ. ನೀರು ಹಾಕಿದರೆ ಒಂದೇ ಗಟ್ಟಿ ಉಬ್ಬಿ ದೊಡ್ಡ ಟಬ್ಬು ತುಂಬುತ್ತದೆ. ಮೊದಲು ಬರುವ ನೀರು ಚಹಾ ಬಣ್ಣದ್ದು, ಅದರಲ್ಲಿ ಉಪ್ಪಿನಂಶ ಜಾಸ್ತಿ. ಆ ಉಪ್ಪು ಹೋಗುವವರೆಗೂ ತೊಳೆಯಬೇಕು. ಆಮೇಲೆ ಒಂದು ರಾತ್ರಿ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಹಾಕಿದರೆ, ನಾರಿಗೆ ಅಂಟಿಕೊಂಡ ಸೋಡಿಯಂ ಬಿಟ್ಟುಕೊಳ್ಳುತ್ತದೆ. ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟರೆ ಎಲೆಯ ಅಂಚು ಸುಟ್ಟ ಹಾಗೆ ಕಾಣುತ್ತದೆ.

ನಾನು ಹೇಳಬೇಕೆಂದಿರುವುದು ಮೊದಲ ಕೊಯ್ಲಿನ ಭಾನುವಾರದ ಬಗ್ಗೆ. ಕೆಳಗಿನ ಮನೆಯ ಅಜ್ಜಿಯೊಬ್ಬರು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದರು. ಪಾವಗಡದ ಕಡೆಯವರು, ಹೊಲ ಬಿಟ್ಟು ಬಂದವರು. ಸೊಪ್ಪು ಬೆಳೆದಿದ್ದ ಕೊಕೊಪೀಟ್ ಚೀಲದೊಳಗೆ ಕೈ ಹಾಕಿ ನೋಡಿ, "ಮಣ್ಣೇ ಇಲ್ವಲ್ಲಮ್ಮ, ಇದ್ರಲ್ಲಿ ಬೆಳೆದದ್ದಕ್ಕೆ ಸತ್ವ ಎಲ್ಲಿರುತ್ತೆ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಪಿಯುಸಿ ಹುಡುಗಿ ಮುಂದೆ ಬಂದಳು. "ಅಜ್ಜಿ, ಗಿಡ ಸಗಣೀನ ಹಾಗೇ ತಿನ್ನಲ್ಲ. ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ಕೊಳೆಸಿ ನೈಟ್ರೇಟ್ ಮಾಡ್ತವೆ. ಬೇರು ಕುಡಿಯೋದು ಅದನ್ನೇ. ನಾವು ಅದನ್ನ ನೀರಲ್ಲೇ ಕರಗಿಸಿ ಕೊಡ್ತೀವಿ." ಗೊಬ್ಬರದ ದಟ್ಟ ದ್ರಾವಣ ಎರಡು ಡಬ್ಬಗಳಲ್ಲಿ ಬೇರೆ ಬೇರೆ ಇತ್ತು, ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟ್. ಹಾಗಾದರೆ ಎರಡು ಡಬ್ಬ ಯಾಕೆ ಅಂತ ಅಜ್ಜಿ ಬಿಡಲಿಲ್ಲ. ಹುಡುಗಿ ಗಾಜಿನ ಲೋಟ ತಂದು ಎರಡರಿಂದಲೂ ಒಂದೊಂದು ಚಮಚ ಸುರಿದಳು. ಲೋಟ ಬೆಳ್ಳಗಾಯಿತು. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ದಟ್ಟ ದ್ರಾವಣವಾಗಿರುವಾಗಲೇ ಸೇರಿದರೆ ತಳಕ್ಕೆ ಕೂತುಬಿಡುತ್ತವೆ, ಬೇರಿಗೆ ಸಿಗುವುದಿಲ್ಲ. ಒಂದನ್ನು ಜಾಸ್ತಿ ನೀರಿಗೆ ಬೆರೆಸಿ, ಆಮೇಲೆ ಇನ್ನೊಂದನ್ನು ಹಾಕಬೇಕು. ಪರೀಕ್ಷೆಗೆ ಉರುಹೊಡೆದ ಪಾಠವನ್ನು ಅವಳು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿದ್ದು ನೋಡಿ ನನಗೆ ನಿಜಕ್ಕೂ ಹೆಮ್ಮೆ ಆಯಿತು. ಎಷ್ಟೋ ತರಬೇತಿ ಶಿಬಿರ ನೋಡಿದ್ದೇನೆ. ಮಕ್ಕಳ ಕೈಗೆ ಪ್ರಮಾಣಪತ್ರ ಬರುತ್ತದೆ, ಜವಾಬ್ದಾರಿ ಮಾತ್ರ ಬರುವುದಿಲ್ಲ. ಇಲ್ಲಿ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿ 5.5ರಿಂದ 6.5ರೊಳಗೆ ಇಡುವುದು ಅವರದೇ ಕೆಲಸ. ಬೋರ್‌ವೆಲ್ ನೀರು ಗಡಸು, ದಿನಾ ಕಣ್ಣಿಡಬೇಕು.

ಶುರುವಿನಲ್ಲಿ ಲೆಟ್ಯೂಸ್ ಬೆಳೆಯಿರಿ, ಮಾಲ್‌ಗಳಲ್ಲಿ ಒಳ್ಳೆ ರೇಟು ಸಿಗುತ್ತದೆ ಅಂತ ಕೆಲವರು ಹೇಳಿದ್ದರು. ಮಕ್ಕಳು ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಆ ಮನೆಗಳಲ್ಲಿ ಅಮ್ಮಂದಿರು ಬೆಳಿಗ್ಗೆ ಪೀಣ್ಯದ ಗಾರ್ಮೆಂಟ್ಸ್‌ಗೆ ಓಡುವವರು. ತಿಂಗಳ ಕೊನೆಗೆ ಮೊದಲು ನಿಲ್ಲುವುದು ಸೊಪ್ಪು ತರಕಾರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಅವರಿಗೆ ಬೇಕಾಗಿರುವುದು ಬಸ್ಸಾರಿಗೆ ಬರುವ ದಂಟು, ಮಸ್ಸೊಪ್ಪಿಗೆ ಬರುವ ಹರಿವೆ, ಪಾಲಕ್. ಬೇರು ಬಿಟ್ಟು ಮೇಲೆ ಕೊಯ್ದರೆ ಮತ್ತೆ ಚಿಗುರುವ ಸೊಪ್ಪುಗಳಿವು.

ತಾರಸಿ ಸೊಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ. ಮುದ್ದೆಗೆ ರಾಗಿ ಹೊಲದಿಂದಲೇ, ರೇಷನ್ ಅಂಗಡಿಯಿಂದಲೇ ಬರಬೇಕು. ಆದರೆ ಮುದ್ದೆಯ ಪಕ್ಕ ಬರೀ ಖಾರದ ನೀರು ಇರುವುದಕ್ಕೂ ಸೊಪ್ಪಿನ ಸಾರು ಇರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಅವತ್ತು ಕೊಯ್ದದ್ದರಲ್ಲಿ ಮೊದಲ ಪಾಲು ಅಂಗನವಾಡಿಗೆ ಹೋಯಿತು, ಬಸುರಿ ಬಾಣಂತಿಯರಿರುವ ಮನೆಗಳಿಗೆ ಎರಡನೆಯದು. ಅಜ್ಜಿ ತಮ್ಮ ಪಾಲಿನ ಕಟ್ಟನ್ನು ಮೂಸಿ ನೋಡಿ ತಗೊಂಡು ಹೋದರು. ಸಂಜೆ ಒಂದು ಬಟ್ಟಲು ಬಸ್ಸಾರು ಮೇಲಕ್ಕೆ ಬಂತು, ಜೊತೆಗೆ ಬಸಳೆ ಹಬ್ಬಿಸಿ ಅನ್ನುವ ಆರ್ಡರ್ರೂ. ಈಗ ಮಕ್ಕಳು ಚಪ್ಪರಕ್ಕೆ ಹಳೆಯ ಪೈಪು ಹುಡುಕುತ್ತಿದ್ದಾರೆ, ದಸರಾ ರಜೆಯಲ್ಲಿ ಊರಿಗೆ ಹೋಗದೆ ನೀರು ಹಾಕುವವರು ಯಾರು ಅಂತ ಜಗಳ ಆಡುತ್ತಿದ್ದಾರೆ.