ಜೂನ್ 1ರಂದು ಹುಟ್ಟಿದವರು

ಆಸ್ಟ್ರೇಲಿಯಾದ ಪೌರತ್ವದ ಅರ್ಜಿಯಲ್ಲಿ ಜನ್ಮದಿನಾಂಕದ ಎದುರು ಜೂನ್ 1 ಎಂದು ತುಂಬುವಾಗ, ಪ್ರತಿ ಸಲದಂತೆ ಅಂದು ಬೆಳಿಗ್ಗೆಯೂ ನನ್ನ ಕೈ ತುಸು ತಡೆಯಿತು. ತಿಪಟೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ನನ್ನನ್ನು ಒಂದನೆಯ ತರಗತಿಗೆ ಸೇರಿಸಲು ಕರೆದೊಯ್ದಾಗ, ವಯಸ್ಸಿಗೆ ಮೂರು ತಿಂಗಳು ಕಡಿಮೆ ಬೀಳುತ್ತದೆಂದು ಹೆಡ್‌ಮೇಷ್ಟ್ರು ತಾವೇ ಬರೆದುಕೊಂಡ ತಾರೀಖು ಅದು. ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಅದೇ ದಿನ ಹುಟ್ಟಿದವರು. ಶಾಲೆಯ ದಾಖಲಾತಿ ಪುಸ್ತಕದಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹತ್ತಿ, ಅದು ಕ್ಯಾನ್‌ಬೆರಾದವರೆಗೂ ನನ್ನ ಜೊತೆ ಬಂದಿದೆ. ಮೇಲೆ ಬರೆದದ್ದೆಲ್ಲ ಸತ್ಯವೆಂದು ಒಪ್ಪಿಕೊಳ್ಳುವ ಜಾಗಕ್ಕೆ ಬಂದಾಗ, ಸಂಜೆ ನೋಡೋಣವೆಂದು ಲ್ಯಾಪ್‌ಟಾಪ್ ಮುಚ್ಚಿ ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆಂದು ನಗರದ ನಡುವಿನ 'ಕಿಂಗ್ ಓಮ್ಯಾಲಿ' ಎಂಬ ಐರಿಷ್ ಪಬ್ಬಿಗೆ ಹೋದೆವು. ನಿಂಬೆರಸ ಹಾಕಿದ ಸೋಡಾ ತರಿಸಿಕೊಂಡ ನನ್ನನ್ನು ನೋಡಿ ಪಕ್ಕದಲ್ಲಿದ್ದ ಹಿರಿಯರು ನಕ್ಕು, "ಈ ಹೆಸರಿನವನೂ ನಿನ್ನ ಹಾಗೇ, ಹೆಂಡ ಮುಟ್ಟುತ್ತಿರಲಿಲ್ಲ" ಎಂದರು. ಮುಟ್ಟದಿರುವುದು ಹಾಗಿರಲಿ, ಗೃಹ ವ್ಯವಹಾರಗಳ ಸಚಿವನಾಗಿದ್ದಾಗ ಈ ರಾಜಧಾನಿಯ ಪ್ರದೇಶದಲ್ಲಿ ಮದ್ಯ ಮಾರಾಟವನ್ನೇ ಆತ ತಡೆದಿದ್ದ. 1928ರವರೆಗೂ ಬಾಯಾರಿದವರು ಗಡಿಯಾಚೆಯ ಕ್ವೀನ್‌ಬಿಯನ್ನಿಗೆ ಹೋಗಬೇಕಿತ್ತು. ಅಂಥವನ ಹೆಸರನ್ನು ಹೆಂಡದಂಗಡಿಗೆ ಇಟ್ಟವರ ಕುಚೋದ್ಯ ನನಗೆ ಬಹಳ ಹಿಡಿಸಿತು.

ಆದರೆ ನನ್ನ ಕಿವಿ ನೆಟ್ಟಗಾದದ್ದು ಅವರು ಅವನ ಜನ್ಮದ ಮಾತೆತ್ತಿದಾಗ. ಅಮೆರಿಕದಲ್ಲಿ ವಿಮೆ ಮತ್ತು ಜಮೀನಿನ ವ್ಯವಹಾರ ಮಾಡಿಕೊಂಡಿದ್ದ ಓಮ್ಯಾಲಿ 1888ರ ಸುಮಾರಿಗೆ ಆಸ್ಟ್ರೇಲಿಯಾಕ್ಕೆ ಬಂದು, ಇಲ್ಲಿಯೂ ಊರೂರು ತಿರುಗಿ ವಿಮೆ ಮಾರಿದ. 1896ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಶಾಸನಸಭೆಗೂ, ಆರು ವಸಾಹತುಗಳು ಸೇರಿ ಒಕ್ಕೂಟವಾದ 1901ರಲ್ಲಿ ಟಾಸ್ಮೇನಿಯಾದಿಂದ ಮೊದಲ ಒಕ್ಕೂಟ ಸಂಸತ್ತಿಗೂ ಆಯ್ಕೆಯಾದ. ಸಂಸತ್ ಸದಸ್ಯನಾಗಲು ಬ್ರಿಟಿಷ್ ಪ್ರಜೆಯಾಗಿರಬೇಕಿತ್ತು. ಅಮೆರಿಕದಲ್ಲಿ ಹುಟ್ಟಿದವನಿಗೆ ಆ ಬಾಗಿಲು ಸುಲಭಕ್ಕೆ ತೆರೆಯದು. ಆಗ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ಕೆನಡಾದಲ್ಲಿ ಹುಟ್ಟಿದವನಿಗೆ ತಾನಾಗಿ ತೆರೆಯುತ್ತದೆ. ಓಮ್ಯಾಲಿ ತಾನು ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವನೆಂದು ಸಾಯುವವರೆಗೂ ಹೇಳಿಕೊಂಡ, ಚರಿತ್ರಕಾರರು ಮಾತ್ರ ಇವತ್ತಿಗೂ ಅದನ್ನು ನಂಬುವುದಿಲ್ಲ. ಅವನು ಹೇಳಿಕೊಂಡ ಹುಟ್ಟುಹಬ್ಬವೋ ಜುಲೈ 4, ಅಮೆರಿಕದ ಸ್ವಾತಂತ್ರ್ಯದ ದಿನ!

ಮಧ್ಯಾಹ್ನವೆಲ್ಲ ಕೆಲಸದ ನಡುವೆ ಅವನದೇ ಧ್ಯಾನವಾಯಿತು. ಮನೆಗೆ ಬಂದವನೇ ಓದಲು ಕುಳಿತೆ. ಸರ್ಕಾರಿ ಬ್ಯಾಂಕ್ ಬೇಕೆಂದು ಹಟ ಹಿಡಿದವರಲ್ಲಿ ಅವನೊಬ್ಬ, ಆದರೆ 1911ರಲ್ಲಿ ಕಾಮನ್‌ವೆಲ್ತ್ ಬ್ಯಾಂಕಿನ ಕಾಯ್ದೆಯಾದದ್ದಕ್ಕೆ ಅವನು ಕೇಳಿದಷ್ಟು ಕೀರ್ತಿ ಅವನಿಗೆ ಸಲ್ಲದೆನ್ನುತ್ತಾರೆ. ರಾಜಧಾನಿಯ ನಕ್ಷೆಗಾಗಿ ಷಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್‌ನನ್ನು ಆರಿಸಿದಾಗ ಸಚಿವನಾಗಿದ್ದವನು ಇವನೇ. ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ಈ ಊರಿನ ಮೊದಲ ಗೂಟವನ್ನು 1913ರ ಫೆಬ್ರುವರಿ 20ರಂದು ಹೊಡೆದವನೂ ಇವನೇ.

ಇಷ್ಟರವರೆಗೆ ಅವನ ಮೇಲೆ ನನಗೆ ಸಲಿಗೆಯೇ ಬೆಳೆದಿತ್ತು, ಒಂದು ಬಗೆಯಲ್ಲಿ ಅವನೂ ಜೂನ್ 1ರವನೇ ಎಂದು. ಮುಂದೆ ಓದಿದ್ದು ಗಂಟಲಲ್ಲಿ ಇಳಿಯಲಿಲ್ಲ. ಕ್ಷಯರೋಗದಿಂದ ಸಾಯಲು ಬಿದ್ದಿದ್ದ ತಾನು ಕ್ವೀನ್ಸ್‌ಲ್ಯಾಂಡಿನ ಕಡಲತಡಿಯ ಗುಹೆಯೊಂದರಲ್ಲಿದ್ದಾಗ, ಕೂವೊಂಗಾ ಎಂಬ ಮೂಲನಿವಾಸಿ ತನ್ನನ್ನು ನೋಡಿಕೊಂಡು ಬದುಕಿಸಿದನೆಂದು ಓಮ್ಯಾಲಿಯೇ ಹೇಳುತ್ತಿದ್ದ. ಕಥೆ ನಿಜವೋ ಕಟ್ಟಿದ್ದೋ, ಹೇಳಿದ್ದಂತೂ ಅವನೇ. ಅದೇ ಓಮ್ಯಾಲಿ 1902ರಲ್ಲಿ ಮತದಾನದ ಮಸೂದೆಯ ಚರ್ಚೆಯಲ್ಲಿ, ಮೂಲನಿವಾಸಿ ಮನುಷ್ಯನೆಂಬುದಕ್ಕೇ ವೈಜ್ಞಾನಿಕ ಆಧಾರವಿಲ್ಲವೆಂದು ವಾದಿಸಿದ. ಬಿಳಿಯರಲ್ಲದವರನ್ನು ಹೊರಗಿಡುವ ನೀತಿಗೂ ಅವನ ಬೆಂಬಲವಿತ್ತು. ಆ ಸಂಸತ್ತು 1901ರಲ್ಲಿ ಮಾಡಿದ ವಲಸೆ ಕಾಯ್ದೆಯ ಪ್ರಕಾರ ಅಧಿಕಾರಿಯು ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಹೇಳುತ್ತಿದ್ದ, ಬರೆಯಲಾಗದವನಿಗೆ ಪ್ರವೇಶವಿಲ್ಲ. ಯಾವ ಭಾಷೆಯೆಂಬುದು ಅಧಿಕಾರಿಯ ಇಷ್ಟ. 1958ರವರೆಗೂ ಆ ಪರೀಕ್ಷೆ ಇತ್ತು. ಕೊಬ್ಬರಿ ವ್ಯಾಪಾರಿಯಾಗಿದ್ದ ನನ್ನ ಅಜ್ಜನಿಗೆ ಕನ್ನಡ, ಲೆಕ್ಕ ಎರಡೂ ಚೆನ್ನಾಗಿ ಬರುತ್ತಿದ್ದವು. ಅವನು ಇಲ್ಲಿಯ ಬಂದರಿನಲ್ಲಿ ಇಳಿದು, ಸ್ಲೇಟು ಹಿಡಿದು ಜರ್ಮನ್ ಉಕ್ತಲೇಖನಕ್ಕೆ ಕುಳಿತಂತೆ ಕಣ್ಣಿಗೆ ಕಟ್ಟಿತು. ಹುಟ್ಟಿನ ಕಾಗದ ತೋರಿಸಲಾಗದ ಓಮ್ಯಾಲಿಗೆ ಮಾತ್ರ ಯಾರೂ ಉಕ್ತಲೇಖನ ಕೊಡಲಿಲ್ಲ. ಮೊದಲ ಸಂಸತ್ತಿನ ಸದಸ್ಯರಲ್ಲಿ ಕೊನೆಯವನಾಗಿ ಉಳಿದು, 1953ರಲ್ಲಿ ಅವನು ಮೆಲ್ಬರ್ನಿನಲ್ಲಿ ತೀರಿಕೊಂಡ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ನಾನು ಹುಟ್ಟಿದ ದಿನವನ್ನು ಮತ್ತೆ ಕೇಳಿದಾಗ, "ಗೌರಿಹಬ್ಬಕ್ಕೆ ಇನ್ನೆರಡು ದಿನ ಇತ್ತು, ಕೆರೆ ಕೋಡಿ ಬಿದ್ದಿತ್ತು. ಮೇಷ್ಟ್ರು ಬರ್ಕೊಂಡಿದ್ದನ್ನ ಈಗ್ಯಾಕೆ ಕೆದಕ್ತೀಯಪ್ಪ" ಎಂದಳು. ಓಮ್ಯಾಲಿಯ ಕಥೆಯನ್ನೂ ಹೇಳಿದೆ. ಜೂನ್ 1 ಇದ್ದಲ್ಲೇ ಇರಲೆಂದು ಲ್ಯಾಪ್‌ಟಾಪಿನಲ್ಲಿ ಅರ್ಜಿ ಸಲ್ಲಿಸುತ್ತಿದ್ದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದ ಅಮ್ಮ ಕೇಳಿದಳು: "ಹಂಗಾದ್ರೆ ಅವನ ಜಾತಕ ಹೆಂಗಪ್ಪ ಬರೆಸಿದ್ರು?"