ದಪ್ಪ ಪೆನ್ನಿನ ಹುಚ್ಚು

ದೊಡ್ಡ ಪೆನ್ ಅಂದ್ರೆ ಬರೀ ಶೋಕಿ ಅಂದುಕೊಂಡಿದ್ದೆ. ಮಾಂಟ್‌ಬ್ಲಾಂಕ್ 149 ಅನ್ನೋ ಫೌಂಟನ್ ಪೆನ್ ಕೈಗೆ ಬಂದ ಮೇಲೆ ಆ ಮಾತು ವಾಪಸ್ ತಗೊಂಡೆ. 1952ರಲ್ಲಿ ಶುರುವಾದ ಮಾಡೆಲ್ ಇದು, ಚಿನ್ನದ ನಿಬ್ ಮೇಲೆ 4810 ಅಂತ ಕೆತ್ತಿರುತ್ತಾರೆ, ಅದು ಆಲ್ಪ್ಸ್ ಪರ್ವತಗಳ ಮಾಂಟ್ ಬ್ಲಾಂಕ್ ಶಿಖರದ ಎತ್ತರ, ಹೆಚ್ಚುಕಮ್ಮಿ, ಮೀಟರ್ ಲೆಕ್ಕದಲ್ಲಿ. (ಬೆಲೆ ಕೇಳಬೇಡಿ, ಅದೂ ಶಿಖರವೇ.) ದಪ್ಪ ಇರುವುದರಿಂದ ಬಿಗಿಯಾಗಿ ಹಿಡಿಯಬೇಕಿಲ್ಲ, ನಾಲ್ಕು ಪುಟ ಬರೆದರೂ ನನ್ನ ಬೆರಳು ನೋಯುವುದಿಲ್ಲ. ಆದರೆ ಕ್ಯಾಪನ್ನು ಹಿಂದೆ ಸಿಕ್ಕಿಸಿದರೆ ಭಾರ ಹಿಂದಕ್ಕೆ ಎಳೆಯುತ್ತದೆ, ಅದಕ್ಕೇ ತೆಗೆದು ಪಕ್ಕಕ್ಕಿಡುತ್ತೇನೆ.

ಕೊಳ್ಳುವ ಮುಂಚೆ ಸುಮ್ನೆ ಸಹಿ ಹಾಕಿ ನೋಡಿದರೆ ಸಾಲದು, ಇಡೀ ಒಂದು ಪುಟ ಬರೆಯಿರಿ. ಇನ್ನು ನಿಬ್. ಸಣ್ಣಕ್ಷರ ಬರೆಯುವವರಿಗೆ ಬ್ರಾಡ್ (ದಪ್ಪ ಗೆರೆಯ ನಿಬ್) ಬೇಡ, ನಮ್ಮ ಒತ್ತಕ್ಷರಗಳ ಸುಳಿಗಳೆಲ್ಲ ಇಂಕಿನಲ್ಲಿ ಮುಚ್ಚಿಹೋಗುತ್ತವೆ. ನಾನು ಫೈನ್, ಅಂದ್ರೆ ತೆಳು ಗೆರೆಯದು, ತಗೊಂಡೆ. ಪೆನ್ನಿನ ಹಿಂತುದಿ ತಿರುಗಿಸಿ, ಒಳಗಿನ ಪಿಸ್ಟನ್‌ನಿಂದ ಇಂಕ್ ಎಳೆದು ತುಂಬುವಾಗ ಮಾತ್ರ ಇವತ್ತಿಗೂ ಬೆರಳೆಲ್ಲ ನೀಲಿ.